ಫ್ರಿಜ್ಜಿನ ಬಾಗಿಲಲ್ಲಿದ್ದ ಸೀಸೆ

ಮೊನ್ನೆ ತಿಪಟೂರಿನ ಕಾಯಿಪುಡಿ ಫ್ಯಾಕ್ಟರಿಯ ಹಿಂದೆ ಹಾದು ಬರುವಾಗ ಹುಳಿತ ಕಾಯಿನೀರಿನ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನನಗೆ ಪಕ್ಕದ ಮನೆಯ ಮೇಷ್ಟ್ರು ನೆನಪಾದರು, ಜೊತೆಗೇ ಮೈಯೆಲ್ಲ ಉರಿಯಿತು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಆ ನೀರನ್ನು ಕ್ಯಾನಿನಲ್ಲಿ ಹೊತ್ತು ತಂದು, ಅದರಲ್ಲಿ ಎಂಥದೋ ಬೂಷ್ಟು ಬೆಳೆಸಿ ಕಿಣ್ವ ತೆಗೆಯುತ್ತಿದ್ದರು. ಗೋಧಿಯ ಅಂಟನ್ನು ಹೊಟ್ಟೆಯಲ್ಲೇ ಕರಗಿಸುವ ಕಿಣ್ವ. ಅದು ನನ್ನ ಮಗಳಿಗಾಗಿ. ಅವಳಿಗಾಗ ಆರು ವರ್ಷ. ಗೋಧಿ, ಮೈದಾ ಚೂರು ಒಳಗೆ ಹೋದರೂ ವಾಂತಿ, ಭೇದಿ. ಜನ್ಮದಲ್ಲಿ ಮುಟ್ಟಿಸಬೇಡಿ ಎಂದಿದ್ದರು ಡಾಕ್ಟರು. ಮುದ್ದೆ ಉಣ್ಣುವ ಮನೆ, ದಿನಾ ತೊಂದರೆಯಿರಲಿಲ್ಲ. ಹಬ್ಬದಲ್ಲಿ ಮಾತ್ರ ಎಲ್ಲರ ಎಲೆಯ ಹೋಳಿಗೆ ನೋಡುತ್ತಾ ಕೂರುತ್ತಿದ್ದಳು. ಒಂದು ಹಬ್ಬಕ್ಕೆ ನಮ್ಮಲ್ಲಿಗೆ ಊಟಕ್ಕೆ ಬಂದ ಮೇಷ್ಟ್ರು ಅದನ್ನು ಕಂಡು, ತಮ್ಮ ಹೋಳಿಗೆಯನ್ನೂ ಮುಟ್ಟದೆ ಎದ್ದುಹೋದರು. ಮರುದಿನವೇ ಕ್ಯಾನು ಹಿಡಿದಿದ್ದರು.

ಅವರಲ್ಲಿ ಫ್ರಿಜ್ ಇರಲಿಲ್ಲ. ಕಿಣ್ವದ ಸೀಸೆಯನ್ನು ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದರು. ಅದರ ಮೇಲೆ ದುಂಡಗಿನ ಅಕ್ಷರದ ಚೀಟಿ: ಪರೀಕ್ಷೆ ಮುಗಿದಿಲ್ಲ, ಯಾರೂ ಕುಡಿಯಬಾರದು. ಗಾಜಿನ ಕೊಳವೆಯಲ್ಲಿ ಆದದ್ದು ಮಗುವಿನ ಹೊಟ್ಟೆಯಲ್ಲೂ ಆಗುತ್ತದೆ ಅನ್ನುವಂತಿಲ್ಲ, ಇನ್ನೂ ವರ್ಷಗಳು ಬೇಕು ಎಂದು ನನಗೆ ಬಿಡಿಸಿ ಹೇಳಿದ್ದರು.

ಆ ವರ್ಷದ ಯುಗಾದಿಗೆ ನಮ್ಮತ್ತೆ ದೇವರ ಎಡೆಯ ಹೋಳಿಗೆ ತಂದು ಮಗುವಿನ ಎಲೆಗೆ ಹಾಕಿದರು. ಎಡೆ ಇಟ್ಟದ್ದನ್ನು ಬೇಡ ಅನ್ನಬಾರದಂತೆ. ಫ್ರಿಜ್ ತೆಗೆದು ಸೀಸೆಯಿಂದ ಅದರ ಮೇಲೆ ಎರಡು ಚಮಚ ಸುರಿದರು.

“ಮೇಷ್ಟ್ರು ಔಷ್ದಿ ಐತಲ್ಲ, ಏನೂ ಆಗಲ್ಲ ಬುಡು.”

ಚೀಟಿ ನನ್ನ ಕಣ್ಣೆದುರಿಗೇ ಇತ್ತು. ನಾನು ಅವರ ಕೈ ಹಿಡಿಯಲಿಲ್ಲ. ಒಂದು ಹೋಳಿಗೆ ತಿನ್ನಲಿ ಎಂಬ ಆಸೆ ನನಗೂ ಇತ್ತು...

ಸಂಜೆಗೆ ಆಸ್ಪತ್ರೆ ಸೇರಿದೆವು. ಮೂರನೇ ದಿನ ಮಗುವನ್ನು ಮನೆಗೆ ಕರೆತಂದಾಗ ಅತ್ತೆ ಬೀದಿಯಲ್ಲಿ ನಿಂತು, ಮೇಷ್ಟ್ರು ಮೊಮ್ಮಗಳಿಗೆ ವಿಷ ಕೊಟ್ಟರೆಂದು ಊರಿಗೆಲ್ಲ ಕೇಳುವಂತೆ ಕೂಗಾಡಿದರು. ಮೇಷ್ಟ್ರು ಚೀಟಿಯ ಮಾತೇ ಎತ್ತಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿ ಮಗುವನ್ನು ಒಳಗೆ ಕರೆದುಕೊಂಡು ಹೋದೆ. ಇವತ್ತಿಗೂ ನನ್ನ ಮೇಲೆ ನನಗಿರುವ ಸಿಟ್ಟು ಅತ್ತೆಯ ಮೇಲೂ ಇಲ್ಲ. ಮೇಷ್ಟ್ರು ಇದ್ದಬದ್ದ ಸೀಸೆಗಳನ್ನು ತೆಂಗಿನ ಬುಡಕ್ಕೆ ಸುರಿದು, ತಮ್ಮ ಪ್ರಯೋಗದ ಕೋಣೆಗೆ ಬೀಗ ಹಾಕಿದರು. ಆಮೇಲೆ ನನ್ನ ಮಗಳು ಅವರನ್ನು ಕಂಡರೆ ಒಳಗೆ ಓಡುತ್ತಿದ್ದಳು. ಕೆಲವು ವರ್ಷ ಅದನ್ನು ನೋಡಿಕೊಂಡೇ ಇದ್ದು, ತೀರಿಕೊಂಡರು.

ಮೊನ್ನೆ ನಾನು ಮನೆಗೆ ಬಂದರೆ, ಬಿಳಿಗೆರೆಯ ನೆಂಟರೆದುರು ಅತ್ತೆ ಮತ್ತೆ ಅದೇ ವಿಷದ ಕಥೆ ಹೇಳುತ್ತಿದ್ದರು. ಆ ವಾಸನೆ ಇನ್ನೂ ಮೂಗಲ್ಲೇ ಇತ್ತು.

“ಹಾಕಿದ್ದು ನೀವು ಕಣತ್ತೆ,” ಎಂದೆ. “ಬೇಡ ಅಂತ ಬರೆದಿದ್ದನ್ನ ಓದ್ಕಂಡೂ ಸುಮ್ಕೆ ನಿಂತಿದ್ದೋಳು ನಾನು. ಮೇಷ್ಟ್ರುದೇನೂ ತಪ್ಪಿಲ್ಲ.”

ಬಾಗಿಲಲ್ಲಿ ಮಗಳು ನಿಂತಿದ್ದಳು, ಈಗ ಕಾಲೇಜಿಗೆ ಹೋಗುವವಳು.

“ಅವ್ರು ಇದ್ದಾಗ ಯಾಕಮ್ಮ ಹೇಳ್ಲಿಲ್ಲ?” ಎಂದಳು. “ಎಷ್ಟು ಸಲ ಮಾತಾಡ್ಸಿದ್ರು ನನ್ನ...”