ದೊರೆಯ ಹೆಸರಿನ ಲಕೋಟೆ

ಡ್ರಾಯಿಂಗ್ ಮೇಷ್ಟ್ರಿಗೆ ತಮ್ಮ ಮುತ್ತಾತನ ಹೆಸರು ಗೊತ್ತಿರಲಿಲ್ಲ. ತಮ್ಮ ನಾಯಿ ದೊರೆಯ ಮುತ್ತಾತನ ಹೆಸರು, ಅದು ಗೆದ್ದ ಪದಕಗಳು, ಎಲ್ಲ ಬಾಯಿಪಾಠ. ಸ್ಕೂಲಿನಿಂದ ನಿವೃತ್ತರಾದ ಮೇಲೆ ಜಾತಿನಾಯಿ ಸಾಕಿ ಮರಿ ಕೊಡುವುದೇ ಅವರ ಬದುಕು. ಮರಿ ಕೇಳಲು ಬಂದವರು ಮೊದಲು ಅರ್ಧ ಗಂಟೆ ವಂಶಾವಳಿ ಕೇಳಬೇಕು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವರಿಗೆ ಹೆರದೇ ಇದ್ದದ್ದೂ ಮುದ್ದು" ಎಂದು ಹೆಂಡತಿ ಅಡುಗೆಮನೆಯಿಂದಲೇ ಅನ್ನುತ್ತಿದ್ದರು.

ಪಕ್ಕದ ಬೀದಿಯ ಔಷಧಿ ಅಂಗಡಿಯವನು ದೊರೆಯ ಒಂದು ಮರಿ ಒಯ್ದಿದ್ದ. ಒಂದೂವರೆ ವರ್ಷ ಚೆನ್ನಾಗಿದ್ದ ಅದು ಆಮೇಲೆ ಹಿಂಗಾಲು ತೊಡರಿಸಿಕೊಂಡು, ಕುಡಿದವರ ಹಾಗೆ ಓಲಾಡತೊಡಗಿತು. ಅವನು ಬಂದು ಕಾರಣ ಕೇಳಿದ. ಮೇಷ್ಟ್ರಿಗೆ ಆ ನಡಿಗೆ ಹೊಸದಲ್ಲ. ಐದು ವರ್ಷದ ಹಿಂದೆ ದೊರೆಯದೇ ಇನ್ನೊಂದು ಮರಿ ಹೀಗೇ ಓಲಾಡಿದಾಗ ಅದನ್ನು ಸದ್ದಿಲ್ಲದೆ ದೂರದವರೊಬ್ಬರಿಗೆ ಕೊಟ್ಟು ಕೈತೊಳೆದುಕೊಂಡಿದ್ದರು. ಆದರೆ ಬಾಯಿಗೆ ಬಂದದ್ದು ಬೇರೆ.

"ಎಲ್ಲೋ ಎತ್ತಿ ಬೀಳಿಸಿರಬೇಕು. ಮನೇಲಿ ಮಕ್ಕಳಿದಾರಲ್ಲ."

ಮನೆಯಲ್ಲಿದ್ದದ್ದು ಒಬ್ಬಳೇ, ಹತ್ತು ವರ್ಷದ ಮಗಳು. ಮರಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದುದೂ ಅವಳೇ. ಅಪ್ಪ ಅವಳೊಡನೆ ಮಾತು ಬಿಟ್ಟ, ನಾಯಿಯನ್ನು ಮುಟ್ಟಬೇಡ ಎಂದ.

ಮರಿಯನ್ನು ನೋಡಿದ ಪಶುವೈದ್ಯೆಗೆ ಮಾತ್ರ ಅನುಮಾನ, ಮೇಷ್ಟ್ರನ್ನೂ ಕರೆಸಿದರು. ಮಿದುಳು ಸವೆಯುವ ಇಂಥದೊಂದು ಕಾಯಿಲೆ ಈ ತಳಿಯಲ್ಲಿ ಮಾತ್ರ ಇದೆಯಂತೆ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರಷ್ಟೇ ಮರಿ ಓಲಾಡುತ್ತದೆ. ಒಂದೇ ಕಡೆಯಿಂದ ಬಂದರೆ ನಾಯಿ ಗಟ್ಟಿಮುಟ್ಟಾಗಿಯೇ ಇದ್ದು ಅದನ್ನು ಮುಂದಕ್ಕೆ ದಾಟಿಸುತ್ತದೆ. ಮರಿಯನ್ನು ಪರೀಕ್ಷಿಸೋಣ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮೇಷ್ಟ್ರು ಎದ್ದುನಿಂತರು. ಮರಿ ಯಾಕೆ, ಅದರ ಅಪ್ಪ ದೊರೆಯನ್ನೇ ನೋಡಿ, ಬೇರು ಸರಿಯಿದ್ದರೆ ರೋಗ ಎಲ್ಲಿಂದ ಬಂತು ಎಂದು ವಾದಿಸಿದರು. ದೊರೆಯಲ್ಲಿ ದೋಷವಿಲ್ಲ ಎಂದು ಬಂದರೆ ತಪ್ಪು ಹುಡುಗಿಯ ತಲೆಗೇ ಗಟ್ಟಿಯಾಗಿ ಅಂಟುತ್ತಿತ್ತು. ಮೇಷ್ಟ್ರಿಗೆ ಅದು ಹೊಳೆಯದೆ ಇರಲಿಲ್ಲ. ಹೊಳೆದರೂ, ದೊರೆ ಈಗಷ್ಟೇ ತಿಂದಿದೆ, ಪರೀಕ್ಷೆಗೆ ಬೇಕಾದ ಎಂಜಲು ಮನೆಯಲ್ಲೇ ತೆಗೆಯುತ್ತೇನೆ ಎಂದು ಹತ್ತಿ ಕಡ್ಡಿಗಳಿದ್ದ ಲಕೋಟೆ ಇಸಿದುಕೊಂಡು ಹೊರಟರು.

ದೊರೆಯ ಬಾಯಿಗೆ ಆ ಕಡ್ಡಿ ಸೋಕಲೇ ಇಲ್ಲ. ಗೇಟಿನ ಹೊರಗೆ ಕೆಂಚ ಎಂಬ ಬೀದಿನಾಯಿ ಮಲಗಿರುತ್ತಿತ್ತು. ತಳಿಯೇ ಇಲ್ಲದವನಿಗೆ ತಳಿಯ ಕಾಯಿಲೆ ಹೇಗೆ ಬಂದೀತು? ಕೆಂಚನನ್ನು ಕಂಡರೆ ಕಲ್ಲೆತ್ತುತ್ತಿದ್ದ ಮೇಷ್ಟ್ರು ಅಂದು ಕುಕ್ಕರಗಾಲಲ್ಲಿ ಕೂತು, ಅದರ ಗಲ್ಲ ಹಿಡಿದು, ಕೆನ್ನೆಯೊಳಗೆ ಅರ್ಧ ನಿಮಿಷ ಕಡ್ಡಿ ಉಜ್ಜಿದರು. ಲಕೋಟೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ದೊರೆಯ ಹೆಸರು ಬರೆದು ಲ್ಯಾಬಿಗೆ ಕಳಿಸಿದರು.

ಮೂರು ವಾರಕ್ಕೆ ಪಶುವೈದ್ಯೆಗೊಂದು, ಮೇಷ್ಟ್ರಿಗೊಂದು ರಿಪೋರ್ಟ್ ಬಂತು. ಒಂದು ಕೆಟ್ಟ ಜೀನ್ ಇದೆ ಎಂದಿತ್ತು.

ಲ್ಯಾಬಿನವರೇ ಮೋಸಗಾರರು ಎಂದು ಮೇಷ್ಟ್ರು ದೂರು ಬರೆಯಲು ಕೂತರು. ಎರಡು ಸಾಲಿಗೆ ಪೆನ್ನು ನಿಂತಿತು. ಏನೆಂದು ಬರೆಯುವುದು? ಕಳ್ಳನಿಗೆ ಚೇಳು ಕುಟುಕಿದ ಹಾಗಾಗಿತ್ತು. ಕೊನೆಗೆ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡರು. ಆಕೆ ಬಟ್ಟೆ ಮಡಚುವುದನ್ನೂ ನಿಲ್ಲಿಸಲಿಲ್ಲ.

"ನಾಲ್ಕು ವರ್ಷದ ಹಿಂದೆ ನಿಮ್ಮ ದೊರೆ ಹಿಂದಿನ ಗೋಡೆ ಹಾರಿ ಎರಡು ದಿನ ಮನೆಗೇ ಬರ್ಲಿಲ್ಲ. ಹೇಳಿದ್ದೆ. ಅವನು ಬೀದಿ ನಾಯಿ ಕಡೆ ಕಣ್ಣೆತ್ತಿಯೂ ನೋಡಲ್ಲ ಅಂದ್ರಿ. ಕೆಂಚನ ಕಿವಿ ನೋಡಿ, ಯಾರ ಹಾಗಿದೆ ಅಂತ."

ಪಶುವೈದ್ಯೆ ಆ ರಿಪೋರ್ಟ್ ನಂಬಿ ಮರಿಯನ್ನೂ ಪರೀಕ್ಷೆ ಮಾಡಿಸಿದರು. ಅದರಲ್ಲಿ ಎರಡೂ ಕೆಟ್ಟವೇ. ಅದರ ತಾಯಿಯೂ ಮೇಷ್ಟ್ರ ಮನೆಯದೇ. ಸುದ್ದಿ ಹಬ್ಬಿತು. ತನ್ನ ನಾಯಿಯ ದೋಷವನ್ನು ತಾನೇ ಮುಂದೆ ನಿಂತು ಬಯಲು ಮಾಡಿದ ಪ್ರಾಮಾಣಿಕ ಎಂದು ಮೇಷ್ಟ್ರ ಹೆಸರು ಮೇಲೇರಿತು. ನಾಯಿ ಸಾಕುವವರ ಸಂಘದಲ್ಲಿ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಎರಡು ದಿನ ನಾಚಿಕೊಂಡರು, ಮೂರನೆಯ ದಿನದಿಂದ ಅದು ಒಗ್ಗಿತು.

ಆ ವಾರವೇ ಔಷಧಿ ಅಂಗಡಿಯವನು ಮಗಳನ್ನು ಕರೆದುಕೊಂಡು ಮನೆಗೆ ಬಂದ. ಮೇಷ್ಟ್ರ ಎರಡೂ ಕೈ ಹಿಡಿದುಕೊಂಡ. ಬೇರೆ ಯಾರಾಗಿದ್ದರೂ ಮುಚ್ಚಿಡುತ್ತಿದ್ದರು, ನಾನು ಸುಮ್ಮನೆ ಮಗುವನ್ನು ಮೂರು ತಿಂಗಳು ಅಳಿಸಿದೆ ಎಂದು ಹೇಳಿದ. ಮೇಷ್ಟ್ರು ತಲೆಯಾಡಿಸುತ್ತಿದ್ದರು. ಹುಡುಗಿ ಅವರನ್ನೇ ನೋಡುತ್ತಿದ್ದಳು.

"ತಾತ, ನಾನು ಬೀಳಿಸಿಲ್ಲ ಅಂತ ನಿಮಗೆ ಆವತ್ತೇ ಗೊತ್ತಿತ್ತಾ?"

ಇಲ್ಲ ಎಂದುಬಿಡುವುದು ಎಷ್ಟು ಹೊತ್ತಿನ ಮಾತು. ಆದರೆ ಅವಳ ಮುಖ ನೋಡುತ್ತ ಮೇಷ್ಟ್ರಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

"ಗೊತ್ತಿತ್ತಮ್ಮ" ಎಂದರು.

ಅವರ ಕೈ ಹಿಡಿದಿದ್ದ ಕೈಗಳು ಸಡಿಲವಾದವು. ಅಂಗಡಿಯವನು ಮಗಳನ್ನು ಮುಂದೆ ಬಿಟ್ಟುಕೊಂಡು ಎದ್ದುಹೋದ.