ತಿದಿಗೆ ಹಚ್ಚಿದ ಬೂತಾಯಿ ಎಣ್ಣೆ

ಬೂತಾಯಿ ಮೀನಿನ ಎಣ್ಣೆಯ ವಾಸನೆ ಕೈಗೆ ಹತ್ತಿತೆಂದರೆ ಸಾಬೂನಿಗೆ ಜಗ್ಗುವುದಿಲ್ಲ, ಹುಣಸೆಹುಳಿ ಹಾಕಿಯೇ ತಿಕ್ಕಬೇಕು; ಐದನೆಯ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಖಚಿತವಾಗಿ ಗೊತ್ತಿರುವ ಕೆಲವೇ ಸಂಗತಿಗಳಲ್ಲಿ ಇದೊಂದು. ಮೊನ್ನೆ ನಮ್ಮ ಇಗರ್ಜಿಯ ಜ್ಯುಬಿಲಿ ಪುಸ್ತಕದಲ್ಲಿ ‘ಕೊಳವೆಗಳ ಆರ್ಗನ್ ಹಳತಾಗಿ ನಿಂತುಹೋಯಿತು’ ಎಂಬ ಸಾಲು ಓದಿದಾಗ ಅದೇ ವಾಸನೆ ಮೂಗಿಗೆ ಬಂತು.

ಆ ಆರ್ಗನ್ ಅಜ್ಜನ ಕಾಲದಲ್ಲಿ ಹಡಗಿನಿಂದಿಳಿದು, ಎತ್ತಿನ ಗಾಡಿಗಳಲ್ಲಿ ಹಿರಿಯಡ್ಕ ದಾಟಿ ಕಾರ್ಕಳದ ಕಡೆಯ ನಮ್ಮೂರಿಗೆ ಬಂದದ್ದು. ಐವತ್ತರ ದಶಕದ ಆರಂಭದಲ್ಲಿ ಅದನ್ನು ನುಡಿಸುವ ಕೆಲಸ ನನ್ನ ಅಕ್ಕ ಸೆರಾಫಿನಾಳಿಗೆ ಸಿಕ್ಕಿತು. ಹಿಂದೆ ನಿಂತು ತಿದಿ ಒತ್ತುವ ಕೆಲಸ ನನಗೆ. ಸಂಗೀತದಲ್ಲಿ ಅರ್ಧ ನನ್ನದೆಂದು ಬೀಗುತ್ತಿದ್ದೆ, ಗಾಳಿಯ ಅರ್ಧ. ಹೆಂಗಸು ನುಡಿಸುವುದು ಪಾದ್ರಿಗಳಿಗೆ ಹಿಡಿಸಿರಲಿಲ್ಲ. ಈಸ್ಟರ್‌ವರೆಗೆ ನೋಡುವ, ಎಡವಿದರೆ ಉಡುಪಿಯಿಂದ ಹಾರ್ಮೋನಿಯಂ ಮಾಸ್ತರರನ್ನು ತರಿಸುವ ಎಂದಿದ್ದರು.

ತಿದಿಯ ತೊಗಲು ಒಣಗಿ ಕಿರುಗುಟ್ಟುತ್ತಿತ್ತು. ಕಾಪುವಿನಲ್ಲಿ ದೋಣಿಗಳಿಗೆ ಬೂತಾಯಿ ಎಣ್ಣೆ ಬಳಿಯುವುದನ್ನು ಕಂಡಿದ್ದ ನಾನು, ಸಮುದ್ರವನ್ನೇ ತಡೆಯುವ ಎಣ್ಣೆ ಗಾಳಿಯನ್ನು ತಡೆಯದೇ ಎಂದು ತರ್ಕಿಸಿ, ಪವಿತ್ರ ಗುರುವಾರ ಪೂಜೆ ಮುಗಿದ ಮೇಲೆ ಯಾರಿಗೂ ಹೇಳದೆ ಧಾರಾಳವಾಗಿ ಬಳಿದೆ. ಶುಕ್ರವಾರ ಹೋಗಿ ನೋಡಿದರೆ ಇಲಿಗಳು ಔತಣ ಮುಗಿಸಿದ್ದವು. ಚಾದರದ ತುಂಡಿಗೆ ಅಂಟು ಮೆತ್ತಿ ತೂತುಗಳನ್ನು ಮುಚ್ಚಿದೆ. ಆದರೆ ಗುರುವಾರದ ಗ್ಲೋರಿಯಾ ಸ್ತುತಿಗೀತೆಯಿಂದ ಶನಿವಾರ ಬೆಳಗಿನ ಗ್ಲೋರಿಯಾದವರೆಗೆ ಆರ್ಗನ್ ಸದ್ದೆತ್ತಬಾರದೆಂಬುದು ಆಗಿನ ನಿಯಮ, ಪರೀಕ್ಷಿಸಿ ನೋಡುವಂತಿರಲಿಲ್ಲ. ಗಂಜಿ ಬಡಿಸುತ್ತ ಅಕ್ಕ ಕೇಳಿದಳು, “ತಿದಿ ಸರಿ ಉಂಟಲ್ವಾ?”

“ಉಂಟು,” ಎಂದೆ. ಇಲ್ಲವೆಂದಿದ್ದರೆ ಅವಳು ಪಾದ್ರಿಗಳಿಗೆ ತಿಳಿಸಿ ಬರಿಯ ಕೊರಳಿನಲ್ಲೇ ಹಾಡಿಸುತ್ತಿದ್ದಳು.

ಶನಿವಾರ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದವು. ಅಕ್ಕ ಎರಡೂ ಕೈ ಇಳಿಸಿದಳು. ಆರ್ಗನ್ ಕೆಸರಿನಲ್ಲಿ ಸಿಕ್ಕಿದ ಎಮ್ಮೆಯಂತೆ ಒಮ್ಮೆ ನರಳಿ ಸುಮ್ಮನಾಯಿತು. ನಾನು ಒತ್ತಿದೆ, ಒತ್ತಿದೆ. ಗಾಳಿಯೆಲ್ಲ ನನ್ನ ಮೊಣಕಾಲಿಗೇ ಬಡಿಯುತ್ತಿತ್ತು. ಕೆಳಗೆ ಕೂತವರ ತಲೆಗಳೆಲ್ಲ ಆರ್ಗನ್ನಿನ ಅಟ್ಟದತ್ತ ತಿರುಗಿದ್ದವು.

ಪೂಜೆಯ ನಂತರ ಪಾದ್ರಿಗಳು ಅಕ್ಕನೆದುರೇ ನನ್ನನ್ನು ಕೇಳಿದರು: “ನೀನು ಒತ್ತಿದ್ದೀಯಾ, ಇಲ್ಲವಾ?”

“ಒತ್ತಿದ್ದೇನೆ, ಫಾದರ್.”

ನಿಜವನ್ನೇ ಹೇಳಿದ್ದೆ. ಹಾಗಾದರೆ ಹೆದರಿದ್ದು ಇವಳ ಕೈಯೇ ಎಂದು ಅವರು ತೀರ್ಮಾನಿಸಿದರು. ಅಕ್ಕ ಹಾಡಿನ ಪುಸ್ತಕ ಮಡಚಿ ನನಗಿಂತ ಮುಂದೆ ಮನೆಗೆ ನಡೆದಳು. ಮನೆಗೆ ಬಂದಾಗ ನೀರಿನ ಬಾನಿಯ ಪಕ್ಕದಲ್ಲಿ ಒಂದು ಉಂಡೆ ಹುಣಸೆಹುಳಿ ಇತ್ತು. ಹಬ್ಬದ ಸಾರಿಗೆ ಇರಬೇಕೆಂದುಕೊಂಡೆ. ಹಾರ್ಮೋನಿಯಂ ಬಂತು. ಆರ್ಗನ್ನನ್ನು ಮತ್ತೆ ಯಾರೂ ತೆರೆಯಲಿಲ್ಲ. ಉಳಿದ ತೊಗಲನ್ನು ಇಲಿಗಳು ನಿಧಾನವಾಗಿ ತಿಂದವು.

ಆ ಜ್ಯುಬಿಲಿ ಪುಸ್ತಕವನ್ನು ಹಿಡಿದುಕೊಂಡು ಬಜಗೋಳಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಹದಿನೈದು ವರ್ಷ ನುಂಗಿಕೊಂಡದ್ದನ್ನು ಹೇಳಿದೆ. ಅವಳು ಮೀನು ಹುರಿಯುತ್ತಿದ್ದಳು, ತಿರುಗಲಿಲ್ಲ.

“ಬಾನಿಯ ಹತ್ತಿರ ಹುಣಸೆಹುಳಿ ಇಟ್ಟದ್ದು ಯಾರು ಅಂತ ಮಾಡಿದ್ದೀ, ಮಾರಾಯ? ಉಪವಾಸದ ಶುಕ್ರವಾರ ನಿನ್ನ ಕೈಗೆ ಮೀನಿನ ವಾಸನೆ. ಮರುದಿನ ಆರ್ಗನ್ನಿಗೂ ಅದೇ ವಾಸನೆ. ನೀನೇ ಹೇಳ್ತಿ ಅಂತ ಕಾದೆ.”

ಜ್ಯುಬಿಲಿ ಪುಸ್ತಕದವರು ಆ ಸಾಲನ್ನು ತಿದ್ದಲಿ: ಆರ್ಗನ್ ಹಳತಾಗಿರಲಿಲ್ಲ, ಅಕ್ಕನ ಕೈಯೂ ಹೆದರಿರಲಿಲ್ಲ.

ಅಂದು ಅವಳು ಬಡಿಸಿದ ಬೂತಾಯಿಯನ್ನು ಉಂಡು ಕೈ ತೊಳೆಯಲು ಎದ್ದೆ. ಬಾನಿಯ ಬಳಿ ಸಾಬೂನೂ ಇತ್ತು, ಹುಣಸೆಹುಳಿಯೂ ಇತ್ತು. ನಾನು ಸಾಬೂನನ್ನಷ್ಟೇ ಮುಟ್ಟಿದೆ.