ನಳಕ್ಕೆ ಕಟ್ಟಿದ ಸೀರೆಯಂಚು

ಮಂಗಳವ್ವ ಶಮಶೇರಸಾಬನನ್ನು ಮೊದಲು ಕಂಡದ್ದು ರಾಣೆಬೆನ್ನೂರಿನಲ್ಲಿ, ಅರ್ಧ ಎದ್ದು ನಿಂತ ಒಂದು ಮನೆಯ ಮೇಲೆ. ಎಂಬತ್ತಾರನೆಯ ಇಸವಿ, ಯುಗಾದಿ ಮುಗಿದು ಹನ್ನೊಂದನೆಯ ದಿನ. ಗಂಡ ತೀರಿಕೊಂಡ ವರ್ಷವೇ ಅವಳು ಐರಣಿಯಿಂದ ಬಂದು ಕಟ್ಟಡದ ಕೆಲಸಕ್ಕೆ ಸೇರಿದ್ದಳು. ಅವಳ ಪಾಲಿಗೆ ಬಂದದ್ದು ಹೊಸ ಗೋಡೆಗೆ, ಸ್ಲ್ಯಾಬಿಗೆ ನೀರು ಹೊಡೆಯುವ ಕೆಲಸ. ಒಂದು ಸಲ ನೀರು ಹೊಡೆದರೆ ಮೂಲೆಯಲ್ಲಿ ಇದ್ದಿಲಿನಿಂದ ಒಂದು ಗೀಟು. ಓದು ಬರಹ ತನ್ನ ಹೆಸರಿನ ಮಟ್ಟಿಗಷ್ಟೇ. ಆದರೆ ಗೀಟು ಒಂದೂ ತಪ್ಪುತ್ತಿರಲಿಲ್ಲ.

ಹೆಗಲ ಮೇಲೆ ಪೈಪು ಹೊತ್ತು ಮೇಲೆ ಬಂದ ಉದ್ದನೆಯ ಮನುಷ್ಯ ಆ ಗೀಟುಗಳನ್ನು ನೋಡಿದ, ಅವಳನ್ನು ನೋಡಿದ.

‘ಏನವಾ, ಗ್ವಾಡಿಗೆ ನೀರ ಹೊಡ್ಯಾಕತ್ತೀಯೋ, ಬಾಣಂತಿಗೆ ಎರಿಯಾಕತ್ತೀಯೋ?’

‘ಎರಡೂ ಒಂದರಿ ಅಣ್ಣಾರ. ಲೆಕ್ಕದ ದಿನ ಎರದ್ರ ಸೊಂಟ ಗಟ್ಟಿ ಆಗತೈತಿ.’

ಅವನು ಪೈಪು ಕೆಳಗಿಟ್ಟು ನಕ್ಕ. ‘ಹಂಗಾರ ನೀ ಎರದ ಗ್ವಾಡಿಗೆ ತೂತು ಹೊಡಿಯಾಕ ನನಗ ಅಂಜಿಕಿ ಆಗತೈತಿ ನೋಡು ತಂಗೀ!’

ಅವತ್ತಿನಿಂದ ಅವಳು ಅವನಿಗೆ ತಂಗಿ, ಅವನು ಅವಳಿಗೆ ಅಣ್ಣ. ಗುತ್ತಲದವನು. ಊರೂರಲ್ಲಿ ನಳದ ಶಮಶೇರಸಾಬ ಎಂದರೆ ಗೊತ್ತು. ಪೈಪಿನ ತುದಿಗೆ ಸಣಬಿನ ನಾರು ಸುತ್ತುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ಮಕ್ಕಳು ಅಣಕಿಸಿದರೆ, ‘ನಾಲಿಗಿ ಒಳಗ ಹ್ವಾದ್ರ ನಳ ಸೋರತೈತಿ’ ಅನ್ನುತ್ತಿದ್ದ. ಇನ್ನೊಂದು ವಿದ್ಯೆಯೂ ಇತ್ತು. ಒಣ ಪೈಪಿಗೆ ಕಿವಿ ಹಚ್ಚಿ, ‘ಗಾಳಿ ಹೊಂಟೈತಿ, ಇನ್ನ ಎಲಿಯಡಿಕಿ ಹಾಕ್ಕೊಳ್ಳೂದ್ರಾಗ ನೀರು’ ಎಂದರೆ ಎಲೆ ಬಾಯಲ್ಲಿ ಇರುವಾಗಲೇ ನೀರು ಬರುತ್ತಿತ್ತು.

ಮರುವರ್ಷ ಮಸ್ಕತ್ತಿಗೆ ಹೋದ. ಐದು ವರ್ಷ ಅಲ್ಲಿ ಬಹುಮಹಡಿ ಕಟ್ಟಡಗಳಿಗೆ ನಳ ಕೂಡಿಸಿದ. ತಿರುಗಿ ಬಂದಾಗ ಮೊಣಕಾಲು ಎರಡೂ ಹೋಗಿದ್ದವು. ಮಂಗಳವ್ವನಿಗೆ ಒಂದು ತಾಮ್ರದ ಚೊಂಬು ತಂದಿದ್ದ, ಅದರ ಜೊತೆಗೆ ಒಂದು ಮಾತು.

‘ಅಲ್ಲಿ ಮಳಲಾಗ ಊರಿಗೆ ಊರs ಏಳಾಕತ್ತಾವ ತಂಗೀ. ನಳ ಇಟಲಿದು, ಲಿಫ್ಟು ಜಪಾನದ್ದು. ಆ ದೇಶದವರೇನು ಒಂದು ಇಟ್ಟಂಗಿ ಎತ್ತಿದವರಲ್ಲ. ಕಟ್ಟೋರಿಗೆ ಸಾಮಾನ ಮಾರಿ ನೆರಳಾಗ ಕುಂತಾರ. ನಾ ಬಿಸಲಾಗ ಮೊಣಕಾಲ ಕೊಟ್ಟೆ.’

‘ನೀವೂ ನೆರಳಿಗೆ ಕುಂದ್ರಿ.’

‘ಕುಂದರತೇನಿ. ನಮ್ಮಲ್ಲೂ ಆ ದಿನ ಬರತೈತಿ.’

ಬಂದೇಬಂತು. ತೊಂಬತ್ತೇಳರಲ್ಲಿ ಹಾವೇರಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ನೌಕರರು ಬಂದರು, ಇರಲು ಮನೆ ಸಾಲಲಿಲ್ಲ. ಜೋಳದ ಹೊಲದಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದರು. ಗುತ್ತಿಗೆದಾರ ಪರಮೇಶಪ್ಪ ಗುತ್ತಲ ರಸ್ತೆಯ ಕಡೆ ಒಂದೇ ಸಾಲಿನಲ್ಲಿ ಹದಿನೆಂಟು ಬಾಡಿಗೆ ಮನೆ ಎಬ್ಬಿಸಿದ. ನೀರು ಹೊಡೆದವಳು ಮಂಗಳವ್ವ. ಕೆಲಸ ಮುಗಿದ ಮೇಲೆ ಸಾಲಿನ ತುದಿಯ ಒಂದು ಕೋಣೆ ಅವಳಿಗೇ ಕೊಟ್ಟ.

ಆಗಲೇ ಇಟಲಿಯ ಒಂದು ನಳದ ಕಂಪನಿ ನಮ್ಮ ದೇಶದಲ್ಲಿ ಏಜೆಂಟರನ್ನು ಹುಡುಕುತ್ತಿತ್ತು. ಮಸ್ಕತ್ತಿನಲ್ಲಿ ಅವರದೇ ನಳ ಕೂಡಿಸಿದ್ದ ಶಮಶೇರಸಾಬ ಮಗಳ ಕೈಯಿಂದ ಕಾಗದ ಬರೆಸಿದ. ಪುಣೆಯಿಂದ ಜವಾಬು ಬಂತು, ಪೆಟ್ಟಿಗೆಯೂ ಬಂತು. ನಮೂನೆಗೆಂದು ಹದಿನೆಂಟು ನಳ. ಕೂಡಿಸಿ ಮೂರು ತಿಂಗಳು ಬಳಸಿರಿ, ನಮ್ಮವರು ಬಂದು ನೋಡುತ್ತಾರೆ. ಸರಿ ಕಂಡರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿನ ಏಜೆನ್ಸಿ ನಿಮ್ಮದು. ಶಮಶೇರಸಾಬ ಅದೇ ವಾರ ತನ್ನ ಹೆಸರಿನ ತಗಡಿನ ಬೋರ್ಡು ಬರೆಸಿದ. ಅಂಗಡಿ ಆಗುವತನಕ ಯಾರೂ ನೋಡಬಾರದೆಂದು ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ.

ಪರಮೇಶಪ್ಪನನ್ನು ಕೇಳಿ ಆ ಸಾಲಿನ ಹದಿನೆಂಟೂ ಮನೆಗೆ ಅವನ್ನು ಕೂಡಿಸಿದ. ನಳ ಕನ್ನಡಿಯಂತೆ ಹೊಳೆಯುತ್ತಿತ್ತು. ತಲೆ ಒತ್ತಿದರೆ ನೀರು. ಕೈ ಬಿಟ್ಟರೆ ಹತ್ತು ಎಣಿಸುವುದರೊಳಗೆ ತಾನೇ ಬಂದ್. ಹನಿ ನೀರು ಹಾಳಾಗದು.

ಆದರೆ ಆ ಸಾಲಿಗೆ ನೀರು ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ, ಒಂದೂಕಾಲು ತಾಸು. ಹಗಲೋ ರಾತ್ರಿಯೋ ಯಾರೂ ಹೇಳುವವರಿಲ್ಲ. ಹೆಂಗಸರು ನಳ ಪೂರ್ತಿ ತೆರೆದು ಕೆಳಗೆ ಖಾಲಿ ಕೊಡ ಇಟ್ಟು ತಮ್ಮ ಕೆಲಸಕ್ಕೆ ಹೋಗುವುದು ರೂಢಿ. ಖಾಲಿ ಕೊಡಕ್ಕೆ ನೀರು ಬಿದ್ದ ಸದ್ದಿಗೇ ಓಣಿ ಓಡಿ ಬರುತ್ತಿತ್ತು. ಹೊಸ ನಳ ತೆರೆದು ಇಡುವಂಥದ್ದಲ್ಲ. ಮೊದಲ ಸಲ ನೀರು ಬಂತು, ಸದ್ದಿಲ್ಲದೆ ಪೈಪಿನಲ್ಲೇ ನಿಂತಿತು, ಹೋಯಿತು. ಮೂರನೆಯ ಮನೆಯ ಫಕ್ಕೀರವ್ವ ಬರಿಗೊಡ ಹಿಡಿದುಕೊಂಡೇ ಬಂದಳು.

‘ಎಲ್ಲಿ ಅದಾನ ನಿಮ್ಮ ಇಟಲಿ ಅಳಿಯಾ? ಮೂಕ ನಳ ತಂದು ಕೂಡಿಸ್ಯಾನ!’

ಮಂಗಳವ್ವ ಹಳೆಯ ಇಳಕಲ್ ಸೀರೆಯ ಅಂಚು ಹರಿದಳು, ಒಂದೊಂದು ಮೊಳದ ಹದಿನೆಂಟು ತುಂಡು. ನಳದ ತಲೆ ಒತ್ತಿ, ಅಂಚನ್ನು ಎರಡು ಸುತ್ತು ಸುತ್ತಿ ಪೈಪಿಗೆ ಕಟ್ಟಿದಳು. ನಳ ತೆರೆದೇ ಉಳಿಯಿತು. ಮುಂದಿನ ಎಂಟನೆಯ ದಿನ ಎಲ್ಲ ಕೊಡಗಳೂ ಸದ್ದು ಮಾಡಿದವು.

ಶಮಶೇರಸಾಬ ಬಂದು ನೋಡಿ ಹಣೆ ಹಣೆ ಬಡಕೊಂಡ. ‘ಯಾ ಅಲ್ಲಾ, ಪರದೇಶದ ಸೊಸಿಗೆ ಹಲ್ಲುನೋವಿನ ಪಟ್ಟಿ ಕಟ್ಟಿದಂಗ ಕಟ್ಟೀಯಲ್ಲವಾ!’ ಅಂದ. ನಕ್ಕ. ಆಮೇಲೆ ದನಿ ಇಳಿಸಿದ. ‘ಬರೂ ಬುಧವಾರ ಕಂಪನಿಯವರು ಬರತಾರ. ಅದೊಂದು ದಿನ ಬಿಚ್ಚಿಡು ತಂಗೀ. ಕಟ್ಟಿದ್ದು ಕಂಡ್ರ ಏಜೆನ್ಸಿ ಹೋತು.’

ಮಂಗಳವ್ವ ನೀರು ಬಂದ ದಿನದಿಂದ ಗೋಡೆಗೆ ಎಳೆದಿದ್ದ ಗೀಟು ಎಣಿಸಿದಳು. ನೀರಿನ ದಿನ ಗುರುವಾರ. ‘ಬುಧವಾರ ಆದ್ರ ಬಿಚ್ಚತೇನಿ’ ಅಂದಳು.

ಬುಧವಾರ ಯಾರೂ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಗಾಡಿ ಕೆಟ್ಟು ಗುರುವಾರ ಹತ್ತು ಗಂಟೆಗೆ ಬಂದರು. ಒಬ್ಬ ಕನ್ನಡ ಬಲ್ಲ ಪುಣೆಯ ಸಾಹೇಬ, ಒಬ್ಬ ಬಿಸಿಲಿಗೆ ಕೆಂಪೇರಿದ ಇಟಲಿಯವನು. ಬಿಳಿ ಅಂಗಿ ತೊಟ್ಟ ಶಮಶೇರಸಾಬ ಅವರಿಗಿಂತ ಮುಂಚೆ ಕುಂಟುತ್ತ ಓಡಿ ಬಂದ.

‘ಅಣ್ಣಾರ, ಇವತ್ತು ನೀರಿನ ದಿನ.’

‘ಒಂದs ತಾಸು ತಂಗೀ. ನಿನ್ನ ಕಾಲ ಬೀಳತೇನಿ.’

ಆ ಮುಖ ನೋಡಿ ಅವಳಿಗೆ ಇಲ್ಲ ಅನ್ನಲಾಗಲಿಲ್ಲ. ಬುಧವಾರಕ್ಕೆಂದು ಬಿಚ್ಚಿದ ಅಂಚು ಇನ್ನೂ ಕಟ್ಟಿರಲಿಲ್ಲ. ಹದಿನೆಂಟನ್ನೂ ಮಡಿಲಲ್ಲಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಳು.

ಸಾಹೇಬರು ಮನೆಮನೆ ಹೊಕ್ಕರು. ಒತ್ತಿದರು, ಮುಟ್ಟಿದರು, ತಲೆಯಾಡಿಸಿದರು. ಪುಣೆಯವನು ಚೀಲದಿಂದ ಕಾಗದ ತೆಗೆದು, ಇಲ್ಲಿ ಸಹಿ ಮಾಡುವುದಿದೆ ಎಂದು ಶಮಶೇರಸಾಬನಿಗೆ ತೋರಿಸಿಯೂ ಬಿಟ್ಟ. ಏಳನೆಯ ಮನೆಯ ಕಟ್ಟೆಯ ಮೇಲೆ ಸಹಿ ಮಾಡಲು ಬಗ್ಗಿದವನ ಕಿವಿ ಪೈಪಿನ ಹತ್ತಿರ ಬಂತು. ಪೆನ್ನು ಕಾಗದದ ಮೇಲೆ ನಿಂತಿತು. ಮಂಗಳವ್ವನಿಗೆ ಗೊತ್ತಾಯಿತು: ಗಾಳಿ ಹೊರಟಿದೆ. ಆ ಸದ್ದು ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ. ಅವನು ಸುಮ್ಮನೆ ಸಹಿ ಮಾಡಿದ್ದರೆ ಸಾಹೇಬರು ಹತ್ತು ಮನೆ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ನೀರೂ ಹೋಗುತ್ತಿತ್ತು.

ಅವನು ಪೆನ್ನಿನ ಟೊಪ್ಪಿಗೆ ಹಾಕಿದ.

‘ತಂಗೀ, ನೀರು! ಲಗೂನ ಕಟ್ಟು!’

ಎಂದವನೇ ಹೆಗಲ ಮೇಲಿನ ವಸ್ತ್ರ ಎಳೆದು ಎದುರಿನ ನಳದ ತಲೆಗೆ ತಾನೇ ಬಿಗಿದ. ಮಂಗಳವ್ವ ಸಾಲಿನ ಉದ್ದಕ್ಕೂ ಓಡಿದಳು. ಬಾಗಿಲು ಬಾಗಿಲಿಗೆ ಹೆಂಗಸರು ಕೈಚಾಚಿ ಅಂಚು ಕಸಿದುಕೊಂಡರು. ಕೊಡ, ಹಂಡೆ, ಬ್ಯಾರಲ್ಲು ಒಮ್ಮೆಲೇ ಸದ್ದು ಮಾಡಿದವು. ಇಟಲಿಯವನ ಬೂಟಿನೊಳಗೆ ನೀರು ಹೋಯಿತು.

ಪುಣೆಯವನು ಕೆಂಡವಾದ. ‘ಇದೇನು ಮಾಡೀರಿ? ಇಂಥಾ ನಳಕ್ಕ ಚಿಂದಿ ಕಟ್ಟತೀರಾ? ನೀರು ಬಂದ ಮ್ಯಾಲೆ ಒತ್ತಿದರಾತು!’

‘ಬಂದದ್ದು ಹೆಂಗ ತಿಳೀಬೇಕ್ರಿ? ಹದಿನೆಂಟು ಮನಿಗೆ ನನ್ನ ಕಿವಿ ಒಂದs ಐತಿ’ ಅಂದ ಶಮಶೇರಸಾಬ. ‘ನಿಮ್ಮ ಸಾಹೇಬ್ರಿಗೆ ತಿಳಿಸಿ ಹೇಳ್ರಿ. ಅವರೂರಾಗ ನಳದಾಗ ನೀರು ಕಾದು ನಿಂತಿರತೈತಿ. ಇಲ್ಲಿ ನೀರಿನ ಹಾದಿ ನಾವು ಕಾಯತೇವಿ.’

ಇಟಲಿಯವನು ಒದ್ದೆ ಬೂಟಿನಲ್ಲೇ ಕುಕ್ಕರಗಾಲಲ್ಲಿ ಕೂತು ಗಂಟನ್ನು ಬಹಳ ಹೊತ್ತು ನೋಡಿದ. ಹೋಗುವಾಗ ಒಂದು ಅಂಚಿನ ತುಂಡು ಕೇಳಿ ಇಸಿದುಕೊಂಡ. ಸಹಿಯಿಲ್ಲದ ಕಾಗದ ಪುಣೆಯವನ ಚೀಲಕ್ಕೆ ಮರಳಿತು. ಎರಡು ತಿಂಗಳಿಗೆ ಏಜೆನ್ಸಿ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಗೆ ಹೋಯಿತೆಂದು ಕೇಳಿಬಂತು.

ಶಮಶೇರಸಾಬ ಒಂದು ದಿನ ಆ ತಗಡಿನ ಬೋರ್ಡನ್ನು ದುಂಡಗೆ ಕತ್ತರಿಸಿ ತಂದು ಮಂಗಳವ್ವನ ಬ್ಯಾರಲ್ಲಿಗೆ ಮುಚ್ಚಳ ಮಾಡಿದ. ‘ಹೆಸರು ಒಳಗ ಮಾಡು ತಂಗೀ, ನೆರಳಾಗ ಇರಲಿ.’ ಅವಳು ಹಾಗೇ ಮುಚ್ಚಿದಳು. ಈಗಲೂ ಮುಚ್ಚಳ ಎತ್ತಿದರೆ ಶಮಶೇರ ಎಂಬಷ್ಟು ಕಾಣುತ್ತದೆ, ಸಾಬ ಎಂಬುದು ಕತ್ತರಿಯಲ್ಲಿ ಹೋಗಿದೆ.

ಮರುವರ್ಷ ಬ್ಯಾಡಗಿಯ ಒಂದು ಅಂಗಡಿಯಲ್ಲಿ ಅದೇ ಕಂಪನಿಯ ಹೊಸ ನಳ ಕಂಡನಂತೆ. ಒತ್ತಿ ಸ್ವಲ್ಪ ತಿರುಗಿಸಿದರೆ ತೆರೆದೇ ನಿಲ್ಲುವಂಥದ್ದು. ಅಂಗಡಿಯವ ಬೈಯುವತನಕ ಒತ್ತಿ ತಿರುಗಿಸಿ ನೋಡಿ, ಒಂದನ್ನು ಕೊಂಡುಕೊಂಡು ಸೀದಾ ಹಾವೇರಿಗೆ ಬಂದ.

‘ಮಂಗಳವ್ವಾ, ನಿನ್ನ ಸೀರಿ ಅಂಚು ಇಟಲಿಗೆ ಹೋಗಿ ಹಿತ್ತಾಳಿ ಆಗಿ ಬಂದೈತಿ ನೋಡವಾ!’

ನೆಲಕ್ಕೆ ಕೂತು, ನಾಲಿಗೆ ಹೊರಗಿಟ್ಟು, ಅದನ್ನು ಅವಳ ಕೋಣೆಗೆ ಕೂಡಿಸಿಕೊಟ್ಟ. ಅವನು ತನ್ನ ಕೈಯಾರೆ ಕೂಡಿಸಿದ ಕಡೆಯ ನಳ ಅದು.

ತೊಂಬತ್ತೊಂಬತ್ತರ ದೀಪಾವಳಿ ಆದ ಮೇಲೆ ಎದೆನೋವೆಂದು ಹಾಸಿಗೆ ಹಿಡಿದ. ಮಂಗಳವ್ವ ಮೊದಲ ಬಸ್ಸಿಗೇ ಗುತ್ತಲಕ್ಕೆ ಹೋದಳು. ಹೆಂಡತಿ ಜುಬೇದಾ ತಲೆಯ ಹತ್ತಿರ ಕೂತು ಬೀಸಣಿಕೆ ಬೀಸುತ್ತಿದ್ದಳು. ‘ಎರಡು ದಿನಾತು, ಯಾರ ಗುರತೂ ಹಿಡ್ಯಾಕತ್ತಿಲ್ಲಬೇ’ ಅಂದಳು. ಮಂಗಳವ್ವ ಮಸ್ಕತ್ತಿನ ಚೊಂಬಿನಲ್ಲಿ ತಂದಿದ್ದ ಗಂಜಿಯನ್ನು ಎರಡು ಚಮಚ ಕುಡಿಸಿದಳು. ಮೂರನೆಯದಕ್ಕೆ ಅವನು ಕಣ್ಣು ತೆರೆದ. ಅವಳನ್ನು ನೋಡಿದ, ಬೆರಳು ಮಡಚಿ ಏನೋ ಎಣಿಸಿದ, ಗಾಬರಿಯಾದವನಂತೆ ತಲೆ ಎತ್ತಲು ನೋಡಿದ.

‘ತಂಗೀ, ಇವತ್ತು ನಿಮ್ಮ ಸಾಲಿಗೆ ನೀರಿನ ದಿನ ಅಲ್ಲೇನು? ನಳಾ ತೆರದ ಇಟ್ಟ ಬಂದೀಯಿಲ್ಲೋ?’